ಹೊಸ ರಿಮೋಟ್ ಬಂತು, ಸೌಂಡ್ ಯಾಕೆ ಏರುತ್ತಿಲ್ಲ?

ದಾವಣಗೆರೆಯಿಂದ ಅತ್ತೆ ಫೋನ್ ಮಾಡಿದ್ದರು. ಫೈರ್ ಟಿವಿ ಸ್ಟಿಕ್‌ನ (ಟಿವಿಗೆ ಚುಚ್ಚಿ ಇಂಟರ್‌ನೆಟ್‌ನಿಂದ ಸಿನಿಮಾ ನೋಡುವ ಅಮೆಜಾನ್‌ನ ಪುಟ್ಟ ಸಾಧನ) ರಿಮೋಟ್ ನೀರಿನ ಬಕೆಟ್‌ಗೆ ಬಿದ್ದು ಹಾಳಾಗಿತ್ತು, ಬೇರೆಯದು ತರಿಸಿದ್ದರು. ‘ಸಿನಿಮಾ ಹಾಕೋಕೆ ಬರುತ್ತೆ, ಹಿಂದೆ ಮುಂದೆ ಓಡಿಸೋಕೂ ಬರುತ್ತೆ. ಸೌಂಡ್ ಮಾತ್ರ ಜಾಸ್ತಿ ಆಗಲ್ಲ ಕಣೋ, ಟಿವಿನೂ ಆಫ್ ಆಗಲ್ಲ. ವಾಪಸ್ ಕಳಿಸಿಬಿಡ್ಲಾ?’ ಅಂದರು. ಪಕ್ಕದ ಮನೆಯವರು, ಆಫೀಸಿನ ಗೆಳೆಯರು ಕೇಳಿದ್ದೂ ಇದನ್ನೇ. ಎಷ್ಟೋ ಜನ ಚೆನ್ನಾಗಿರುವ ರಿಮೋಟನ್ನೇ ವಾಪಸ್ ಕಳಿಸಿ, ಇನ್ನೊಂದು ತರಿಸಿ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾರೆ. ವಾಪಸ್ ಕಳಿಸುವ ಮೊದಲು ಅರ್ಧ ಗಂಟೆ ಕೊಡಿ.

ಒಂದು ವಿಷಯ ಗೊತ್ತಿದ್ದರೆ ಉಳಿದದ್ದು ಸಲೀಸು. ಈ ರಿಮೋಟ್ ಎರಡು ದಾರಿಯಲ್ಲಿ ಕೆಲಸ ಮಾಡುತ್ತದೆ. ಸ್ಟಿಕ್ ಜೊತೆ ಬ್ಲೂಟೂತ್‌ನಲ್ಲಿ. ಟಿವಿ ಜೊತೆ ಇನ್‌ಫ್ರಾರೆಡ್‌ನಲ್ಲಿ, ಅಂದರೆ ಹಳೆಯ ಟಿವಿ ರಿಮೋಟ್‌ಗಳ ಹಾಗೆ ಕಣ್ಣಿಗೆ ಕಾಣದ ಬೆಳಕಿನಲ್ಲಿ. ಪವರ್, ವಾಲ್ಯೂಮ್, ಮ್ಯೂಟ್ ಬಟನ್‌ಗಳು ಹೋಗುವುದು ಮುಖ್ಯವಾಗಿ ಈ ಎರಡನೇ ದಾರಿಯಲ್ಲಿ. ಒಂದೊಂದು ಕಂಪನಿಯ ಟಿವಿಗೂ ಬೇರೆ ಬೇರೆ ಕೋಡ್ ಇರುತ್ತದೆ. ನಿಮ್ಮ ಟಿವಿ ಯಾವುದು ಅಂತ ಹೊಸ ರಿಮೋಟ್‌ಗೆ ಇನ್ನೂ ಯಾರೂ ಹೇಳಿಲ್ಲ, ಅಷ್ಟೇ.

ಮೊದಲು ರಿಮೋಟ್ ನೋಡಿ

ಅದರಲ್ಲಿ ಪವರ್, ವಾಲ್ಯೂಮ್ ಬಟನ್ ಇವೆಯಾ? ಫೈರ್ ಟಿವಿ ಸ್ಟಿಕ್ ಲೈಟ್ ಜೊತೆ ಬರುವ ರಿಮೋಟ್‌ನಲ್ಲಿ ಇರುವುದೇ ಇಲ್ಲ. 2018ಕ್ಕಿಂತ ಹಿಂದಿನ ರಿಮೋಟ್‌ಗಳಲ್ಲೂ ಇರಲಿಲ್ಲ. ಬಟನ್ ಇಲ್ಲದಿದ್ದರೆ ಯಾವ ಸೆಟ್ಟಿಂಗ್ ಮಾಡಿದರೂ ಪ್ರಯೋಜನವಿಲ್ಲ, ಬಟನ್ ಇರುವ ರಿಮೋಟ್ ತರಿಸಿ. ತರಿಸುವಾಗ ನಿಮ್ಮ ಸ್ಟಿಕ್‌ನ ಮಾಡೆಲ್‌ಗೆ ಹೊಂದುತ್ತದಾ ಅಂತ ನೋಡಿಕೊಳ್ಳಿ. ತುಂಬಾ ಹಳೆಯ ಸ್ಟಿಕ್‌ಗಳಿಗೆ ಹೊಸ ರಿಮೋಟ್ ಹೊಂದುವುದಿಲ್ಲ.

ಡ್ಯೂಪ್ಲಿಕೇಟ್ ರಿಮೋಟ್‌ಗಳ ಬಗ್ಗೆ ಒಂದು ಮಾತು. ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ನೋಡಲು ಥೇಟ್ ಅಸಲಿಯಂತೆಯೇ ಇರುವವು ಸಿಗುತ್ತವೆ. ನಾನು ಒಮ್ಮೆ ತಂದದ್ದರಲ್ಲಿ ವಾಲ್ಯೂಮ್ ಬಟನ್ ಇತ್ತು, ಬಿಚ್ಚಿ ನೋಡಿದರೆ ಮೂತಿಯಲ್ಲಿ ಇನ್‌ಫ್ರಾರೆಡ್ ಬಲ್ಬೇ ಇರಲಿಲ್ಲ. ಇನ್ನು ಕೆಲವಕ್ಕೆ ಟಿವಿ ರಿಮೋಟನ್ನು ಎದುರಿಗೆ ಹಿಡಿದು ಕೋಡ್ ಕಲಿಸಬೇಕು. ಅಂಥದ್ದು ಬಂದರೆ ಡಬ್ಬಿಯಲ್ಲಿರುವ ಚೀಟಿ ಎಸೆಯಬೇಡಿ. ಸ್ವಲ್ಪ ಜಾಸ್ತಿ ಕೊಟ್ಟರೂ ಅಸಲಿಯನ್ನೇ ತಗೊಳ್ಳಿ ಎನ್ನುವುದು ನನ್ನ ಗಟ್ಟಿ ಸಲಹೆ.

ಸೆಲ್, ಜೋಡಣೆ

ಹೊಸ ಸಣ್ಣ ಪೆನ್ಸಿಲ್ ಸೆಲ್ (ಎಎಎ) ಎರಡು ಹಾಕಿ, ಹೋಮ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಜೋಡಿಯಾಗದಿದ್ದರೆ ಮೊಬೈಲ್‌ನಲ್ಲಿ ಫೈರ್ ಟಿವಿ ಆ್ಯಪ್ ಹಾಕಿಕೊಂಡು, ಅದನ್ನೇ ರಿಮೋಟ್ ಮಾಡಿಕೊಂಡು ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ರಿಮೋಟ್ ಸೇರಿಸಿ.

ಟಿವಿಯ ಪರಿಚಯ ಮಾಡಿಸಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಶುರು ಮಾಡುವ ಮೊದಲು ಸ್ಟಿಕ್‌ಗೆ ಕರೆಂಟ್ ಎಲ್ಲಿಂದ ಬರುತ್ತಿದೆ ನೋಡಿ. ಬಹಳ ಮನೆಗಳಲ್ಲಿ ವೈರ್ ಕಾಣಬಾರದು ಅಂತ ಟಿವಿಯ ಯುಎಸ್‌ಬಿಗೇ ಚುಚ್ಚಿರುತ್ತಾರೆ. ಮುಂದೆ ಬರುವ ಪರೀಕ್ಷೆಯಲ್ಲಿ ಟಿವಿ ಆಫ್ ಆಗಬೇಕು. ಆಫ್ ಆದರೆ ಎಷ್ಟೋ ಟಿವಿಗಳಲ್ಲಿ ಯುಎಸ್‌ಬಿ ಕರೆಂಟೂ ಹೋಗುತ್ತದೆ, ಸ್ಟಿಕ್ ಆರಿಹೋಗುತ್ತದೆ, ಮಾಡಿದ್ದೆಲ್ಲ ಅರ್ಧಕ್ಕೆ ನಿಲ್ಲುತ್ತದೆ. ಅತ್ತೆಯ ಮನೆಯಲ್ಲಿ ಮೂರು ಸಲ ಹೀಗೇ ಆಗಿತ್ತು. ಜೊತೆಗೆ ಬಂದ ಅಡಾಪ್ಟರ್‌ನಿಂದ ಗೋಡೆಯ ಪ್ಲಗ್‌ಗೆ ಹಾಕಿ.

ಈಗ ಸೆಟ್ಟಿಂಗ್ಸ್, ಅದರಲ್ಲಿ ಎಕ್ವಿಪ್‌ಮೆಂಟ್ ಕಂಟ್ರೋಲ್, ಮ್ಯಾನೇಜ್ ಎಕ್ವಿಪ್‌ಮೆಂಟ್, ಟಿವಿ, ಕೊನೆಗೆ ಚೇಂಜ್ ಟಿವಿ. ಪಟ್ಟಿಯಿಂದ ಟಿವಿಯ ಬ್ರ್ಯಾಂಡ್ ಆರಿಸಿ. ಪವರ್ ಒತ್ತಿ, 10 ಸೆಕೆಂಡ್ ಕಾಯಿರಿ, ಮತ್ತೆ ಒತ್ತಿ ಅಂತ ಪರದೆಯಲ್ಲಿ ಬರುತ್ತದೆ. ಆಮೇಲೆ ‘ಟಿವಿ ಆಫ್ ಆಗಿ ಆನ್ ಆಯಿತೇ?’ ಎಂಬ ಪ್ರಶ್ನೆ.

ಆ 10 ಸೆಕೆಂಡ್ ಯಾರೂ ಕಾಯುವುದಿಲ್ಲ. ಹಳೆಯ ಟಿವಿಗಳು ಆರಲು ನಾಲ್ಕೈದು ಸೆಕೆಂಡ್ ತಗೊಳ್ಳುತ್ತವೆ. ಏನೂ ಆಗಲಿಲ್ಲ ಅಂತ ಅತ್ತೆ ಪಟಪಟ ಮೂರು ಸಲ ಒತ್ತಿದರು. ಟಿವಿ ಆಫ್ ಆಗಿ, ಆನ್ ಆಗಿ, ಮತ್ತೆ ಆಫ್ ಆಯಿತು. ಗಾಬರಿಯಲ್ಲಿ ‘ನೋ’ ಒತ್ತಿದರು. ‘ನೋ’ ಅಂದ ಕೂಡಲೇ ಅದು ಬೇರೆ ಕೋಡ್‌ಗೆ ಹೋಗುತ್ತದೆ, ಸರಿಯಾದ ಕೋಡ್ ಕೈತಪ್ಪುತ್ತದೆ. ಒಂದೇ ಸಲ ಒತ್ತಿ. ಬಾಯಲ್ಲಿ ಹತ್ತು ಎಣಿಸಿ. ಆಮೇಲೆ ಇನ್ನೊಂದು ಸಲ.

ಪವರ್ ಸರಿಯಾದರೆ ಹಾಡು ಶುರುವಾಗುತ್ತದೆ, ವಾಲ್ಯೂಮ್ ಏರಿಸಿ ಇಳಿಸಿ ನೋಡಲು ಹೇಳುತ್ತದೆ. ಪವರ್ ಬಂತಲ್ಲ, ಸಾಕು ಅಂತ ಇಲ್ಲಿ ಸುಮ್ನೆ ‘ಯೆಸ್’ ಒತ್ತಬೇಡಿ. ಪವರ್ ಕೆಲಸ ಮಾಡಿ ವಾಲ್ಯೂಮ್ ಮಾಡದ ಕೋಡ್‌ಗಳೂ ಸಿಗುತ್ತವೆ. ಸೌಂಡ್ ನಿಜವಾಗಿ ಬದಲಾಗುವವರೆಗೆ ‘ನೋ’ ಅನ್ನುತ್ತಾ ಹೋಗಿ. ನಾಲ್ಕೈದು ಸಲ ಆಗಬಹುದು, ಬೇಸರ ಬೇಡ.

ಟಿವಿ ಕೆಳಗಿನ ಪುಟ್ಟ ಕೆಂಪು ದೀಪದ ಮೇಲೆ ಕಣ್ಣಿಡಿ. ಸಿಗ್ನಲ್ ಸಿಕ್ಕಾಗ ಬಹಳ ಟಿವಿಗಳಲ್ಲಿ ಅದು ಮಿಣುಕುತ್ತದೆ. ಅದು ಮಿಣುಕಿಯೂ ಟಿವಿ ಕದಲದಿದ್ದರೆ ಬೆಳಕು ತಲುಪುತ್ತಿದೆ, ಕೋಡ್ ತಪ್ಪಿದೆ. ಯಾವ ಕೋಡ್‌ಗೂ ಅದು ಮಿಣುಕದಿದ್ದರೆ ದಾರಿಯಲ್ಲಿ ಏನೋ ಅಡ್ಡ ಇರಬಹುದು.

ಅಡ್ಡ ಏನಿದೆ?

ಅತ್ತೆಯ ಮನೆಯಲ್ಲಿ ಅಡ್ಡ ಇದ್ದದ್ದು ಚನ್ನಪಟ್ಟಣದ ಗೊಂಬೆ ಜೋಡಿ. ಟಿವಿಯ ಸಿಗ್ನಲ್ ಹಿಡಿಯುವ ಕಣ್ಣಿನ ಮುಂದೆಯೇ ನಿಂತಿತ್ತು. ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದೆವು, ದೀಪ ಮಿಣುಕಿತು. ಸೌಂಡ್‌ಬಾರ್ ಕೂಡ ಹೀಗೆ ಅಡ್ಡ ನಿಲ್ಲುತ್ತದೆ. ಧೂಳು, ಗೀರು ಬೇಡ ಅಂತ ರಿಮೋಟ್‌ಗೆ ಹಾಕುವ ಸಿಲಿಕಾನ್ ಕವರ್ ಮೂತಿಯನ್ನೂ ಮುಚ್ಚಿದ್ದರೆ ತೆಗೆದುಬಿಡಿ. ಬ್ಲೂಟೂತ್‌ಗೆ ಇದ್ಯಾವುದೂ ಅಡ್ಡಿಯಲ್ಲ, ಬೆಳಕಿಗೆ ಅಡ್ಡಿ. ಅದಕ್ಕೇ ಸಿನಿಮಾ ಓಡುತ್ತದೆ, ಸೌಂಡ್ ಏರುವುದಿಲ್ಲ.

ಆಗಲೂ ಆಗದಿದ್ದರೆ ಮೊಬೈಲ್‌ನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟ್‌ನ ಮೂತಿ ಅದರತ್ತ ಹಿಡಿದು ವಾಲ್ಯೂಮ್ ಒತ್ತಿ. ಪರದೆಯಲ್ಲಿ ನೇರಳೆಯೋ ಬಿಳಿಯೋ ಚುಕ್ಕಿ ಮಿಂಚಿದರೆ ಬಲ್ಬ್ ಸರಿ ಇದೆ. ಕೆಲವು ಮೊಬೈಲ್‌ಗಳಲ್ಲಿ ಈ ಬೆಳಕು ಕಾಣುವುದಿಲ್ಲ, ಹಾಗಾಗಿ ಅದೇ ಮೊಬೈಲ್‌ನಲ್ಲಿ ಟಿವಿಯ ರಿಮೋಟನ್ನೂ ಒತ್ತಿ ನೋಡಿ. ಟಿವಿ ಬ್ರ್ಯಾಂಡ್ ಆರಿಸಿದ ಮೇಲೇ ಈ ಪರೀಕ್ಷೆ ಮಾಡಿ. ಕೋಡ್ ಇಲ್ಲದ ರಿಮೋಟ್ ಮಿಂಚದಿದ್ದರೆ ಅದು ಕೆಟ್ಟಿದೆ ಎಂದಲ್ಲ.

ಇನ್ನೂ ಆಗಲಿಲ್ಲವೇ?

ಮನೆಯಲ್ಲಿ ಸೌಂಡ್‌ಬಾರ್ ಇದ್ದು ಸೌಂಡ್ ಅದರಿಂದ ಬರುತ್ತಿದ್ದರೆ, ಟಿವಿಯ ವಾಲ್ಯೂಮ್ ಏರಿಸಿ ಏನೂ ಆಗದಿರಬಹುದು. ಅದೇ ಎಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ ಸೌಂಡ್‌ಬಾರನ್ನೂ ಸೇರಿಸಿ.

ಟಿವಿಯ ಬ್ರ್ಯಾಂಡ್ ಪಟ್ಟಿಯಲ್ಲೇ ಇಲ್ಲದಿದ್ದರೆ ಒಂದು ಅಡ್ಡದಾರಿ ಇದೆ. ಸ್ಟಿಕ್ ಚುಚ್ಚಿರುವ ಎಚ್‌ಡಿಎಂಐ ಕಿಂಡಿಯ ಮೂಲಕವೇ ಟಿವಿಗೆ ಆಜ್ಞೆ ಕಳಿಸುವ ವ್ಯವಸ್ಥೆಗೆ ಸಿಇಸಿ ಎನ್ನುತ್ತಾರೆ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಟಿವಿಯಲ್ಲೂ ಸ್ಟಿಕ್‌ನ ಡಿಸ್‌ಪ್ಲೇ ಆ್ಯಂಡ್ ಸೌಂಡ್ಸ್‌ನಲ್ಲೂ ಇದನ್ನು ಆನ್ ಮಾಡಿ ನೋಡಿ. ಎಲ್ಲ ಟಿವಿಯಲ್ಲೂ ಪೂರ್ತಿ ಕೆಲಸ ಮಾಡುವುದಿಲ್ಲ, ಆದ್ದರಿಂದ ಕೋಡ್ ಸಿಗುವ ಹಾಗಿದ್ದರೆ ಕೋಡೇ ಒಳ್ಳೆಯದು.

ಎಲ್ಲ ಮುಗಿದ ಮೇಲೆ ಟಿವಿಯ ಹಳೆಯ ರಿಮೋಟ್ ಎಸೆಯಬೇಡಿ. ಸೆಟ್‌ಟಾಪ್ ಬಾಕ್ಸ್‌ಗೆ ಬದಲಾಯಿಸಲು, ಟಿವಿಯ ಸೆಟ್ಟಿಂಗ್ ಮುಟ್ಟಲು ಅದೇ ಬೇಕು. ಸೆಲ್ ಒಳಗೇ ಸೋರಿ ಹಾಳಾಗದಂತೆ ತೆಗೆದಿಟ್ಟು, ರಿಮೋಟನ್ನು ಟಿವಿ ಸ್ಟ್ಯಾಂಡ್‌ನ ಡ್ರಾಯರ್‌ನಲ್ಲಿಡಿ.