ಎರೆಭೂಮಿಯಲ್ಲಿ ಮಳೆನೀರಿನ ತೊಟ್ಟಿ: ನನ್ನ ಅನುಭವ

ಮುಂಡರಗಿ ಸೀಮೆಯ ಎರೆಮಣ್ಣಿನಲ್ಲಿ ನೆಲದೊಳಗೆ ತೊಟ್ಟಿ ನಿಲ್ಲುವುದಿಲ್ಲ ಎಂದು ನನ್ನ ಜೊತೆಯ ಗೌಂಡಿಗಳೇ ಹೇಳಿದ್ದರು. ನನ್ನ ಎರಡನೆಯ ತೊಟ್ಟಿ ಒಂಬತ್ತು ಬೇಸಿಗೆ ದಾಟಿದೆ, ಹನಿ ನೀರು ಸೋರಿಲ್ಲ.

ಮೊದಲನೆಯದನ್ನು 2013ರಲ್ಲಿ ಕಟ್ಟಿದೆ. ಚೌಕ ತೊಟ್ಟಿ, ಇಟ್ಟಿಗೆ ಗೋಡೆ, ಒಳಗೆ ಎರಡು ಪದರ ಗಿಲಾವು. ಹೆಚ್ಚುಕಡಿಮೆ 35,000 ರೂಪಾಯಿ ಹೋಯಿತು; ಅರ್ಧ ಹಣ ಮನೆಯವಳು ಸಂಘದಲ್ಲಿ ತಂದ ಸಾಲ. ಹಿಂಗಾರಿಗೆ ತುಂಬಿ ತುಳುಕಿತು. ಮಾರ್ಚ್‌ನಲ್ಲಿ ಎರೆ ಮುಂಗೈ ಇಳಿಯುವಷ್ಟು ಬಾಯಿಬಿಟ್ಟಾಗ ಒಂದು ಮೂಲೆ ಸೀಳಿತು. ಬೆಳಿಗ್ಗೆ ಇಣುಕಿದರೆ ಮೊಣಕಾಲುದ್ದ ನೀರು. ಎರಡು ಸಲ ತೇಪೆ ಹಾಕಿದೆ. ಎರಡೂ ಸಲ ಜೂನ್‌ನ ಮಿರುಗದ ಮಳೆಗೆ ಮಣ್ಣು ಉಬ್ಬಿ ಅದೇ ಮೂಲೆ ಒಡೆಯಿತು. ಸಾಲದ ಕಂತನ್ನು ಮಾತ್ರ ಎರಡು ವರ್ಷ ಕಟ್ಟಿದೆವು.

ಬಿಡಲಾಗಲಿಲ್ಲ. ನಮ್ಮ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಸುಮಾರು 3 ಮಿಲಿಗ್ರಾಂ. ಬೇರೆ ನೀರಿಲ್ಲದ ಕಡೆಯೂ 1.5 ದಾಟಬಾರದು. ನನ್ನ ಮಗನ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ನಡುವೆ ಬಕೆಟ್ಟಿನಲ್ಲಿ ಸ್ಫಟಿಕ, ಸುಣ್ಣ ಹಾಕಿ ಕದಡಿ ನೋಡಿದ್ದೂ ಉಂಟು. ಕಡಿಮೆಯಾಗುತ್ತಿತ್ತು. ಆದರೆ ದಿನಾ ಅಳತೆ ತಪ್ಪದೆ ಹಾಕಿ, ತಳದ ರಾಡಿ ಚೆಲ್ಲುವವರು ಯಾರು? ನುಗ್ಗೆಬೀಜದ ಪುಡಿಗೆ ಕೆಸರು ತಳಕ್ಕೆ ಕೂತಿತು, ಫ್ಲೋರೈಡ್ ಇದ್ದಲ್ಲೇ ಇತ್ತು.

2016ರ ಮೇ ತಿಂಗಳಲ್ಲಿ ಎರಡನೆಯದಕ್ಕೆ ಕೈಹಾಕಿದೆ. ಈ ಸಲ ತಂತಿಬಲೆಗೆ ಸಿಮೆಂಟ್ ಗಿಲಾವು ಬಳಿದ ದುಂಡನೆಯ ಫೆರೋಸಿಮೆಂಟ್ ತೊಟ್ಟಿ: ಎಂಟೂವರೆ ಅಡಿ ಅಗಲ, ಆರೂವರೆ ಅಡಿ ಆಳ, ಹತ್ತು ಸಾವಿರ ಲೀಟರ್ ಹಿಡಿಯುತ್ತದೆ. ಸುತ್ತಲೂ ಒಂದೂವರೆ ಅಡಿ ಹೆಚ್ಚು ತೋಡಿ, ಎರೆಯನ್ನೆಲ್ಲ ಹೊರಹಾಕಿ, ನಾಲ್ಕು ಟ್ರಾಕ್ಟರ್ ಗರಸು, ಎಂದರೆ ಕಲ್ಲು ಬೆರೆತ ಒರಟು ಮಣ್ಣು, ತರಿಸಿದೆ. ಅದನ್ನು ತೊಟ್ಟಿಯ ಸುತ್ತ ತುಂಬುತ್ತ ಅಡಿಗೊಮ್ಮೆ ನೀರು ಹೊಡೆದು ಧಮ್ಮಸ್ಸು ಮಾಡಬೇಕು. ಇಲ್ಲಿ ಅವಸರ ಮಾಡಿದವರ ತೊಟ್ಟಿಗಳು ಒಡೆದಿವೆ. ಮೇಲೆ ಹಾಸುಗಲ್ಲನ್ನು ಹೊರಕ್ಕೆ ಇಳಿಜಾರಾಗಿ ಕೂರಿಸದಿದ್ದರೆ ಗರಸಿನೊಳಗೆ ನೀರು ಇಳಿದು ಆಚೆಯ ಎರೆ ಮತ್ತೆ ಉಬ್ಬುತ್ತದೆ. ಒಟ್ಟು 42,000 ರೂಪಾಯಿ ಆಯಿತು, ನನ್ನ ಕೂಲಿ ಬಿಟ್ಟು. ಕೊನೆಯ ಗಿಲಾವಿಗೆ ನಾನು ಬೆರೆಸುವ ವಸ್ತುವೊಂದಿದೆ. ಅದನ್ನು ಕಲಿಯಲು ನನಗೆ ಮೂರು ವರ್ಷ ಬೇಕಾಯಿತು, ಇಲ್ಲಿ ಬರೆಯುವುದಿಲ್ಲ.

ಮೊದಲ ನೀರು ಸುಣ್ಣದ ಒಗರು ಹೊಡೆಯಿತು. ಓಣಿಯವರು ‘ನಾವು ಹೇಳಲಿಲ್ಲವೇ’ ಎಂದರು. ಅಷ್ಟನ್ನೂ ಹೊರಚೆಲ್ಲಿ ಮತ್ತೆ ತುಂಬಿಸಿದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಆರುನೂರು ಚದರಡಿ ಮಾಳಿಗೆಯಿಂದ ಇಪ್ಪತ್ತೈದು ಸಾವಿರ ಲೀಟರ್ ಸಿಗುತ್ತದೆ. ಆದ್ದರಿಂದ ರೋಹಿಣಿ, ಮಿರುಗದ ನೀರನ್ನು ಮಾಳಿಗೆ ತೊಳೆಯಲು ಬಿಟ್ಟು, ಸೆಪ್ಟೆಂಬರಿನ ಹುಬ್ಬಿ, ಉತ್ತರಿ ಮಳೆಗೆ ತುಂಬಿಸುತ್ತೇನೆ. ಮುಚ್ಚಳದ ಸಂದಿಯಲ್ಲಿ ಬೆಳಕು ಇಳಿದು ಒಂದು ವರ್ಷ ಪಾಚಿ ಕಟ್ಟಿತ್ತು. ಸಂದಿಯನ್ನು ಸಿಮೆಂಟಿನಿಂದ ಮುಚ್ಚಿದ ಮೇಲೆ ಆ ಕಾಟ ಇಲ್ಲ.

ಆರು ಜನರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ ಎರಡೂವರೆ ಕೊಡ. ಮುಂದಿನ ಮಳೆಯವರೆಗೆ ಸಾಲುತ್ತದೆ. ಮೊದಲು ಕರೆಂಟ್ ಬಂದಾಗ ನಡುರಾತ್ರಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ಮನೆಯವಳು ಈಗ ಆ ಹೊತ್ತಿನಲ್ಲಿ ಮಲಗಿರುತ್ತಾಳೆ. ಬೇಳೆ ಬೇಗ ಬೇಯುತ್ತದೆ. ಫ್ಲೋರೈಡ್ ಪರೀಕ್ಷೆಯ ಗುಲಾಬಿ ದ್ರಾವಣ ಹಾಕಿದರೆ ಊರ ನೀರು ಹಳದಿಗೆ ತಿರುಗುತ್ತದೆ, ನಮ್ಮದು ಗುಲಾಬಿಯಾಗಿಯೇ ಉಳಿಯುತ್ತದೆ. ಮೊಮ್ಮಗಳು ಹುಟ್ಟಿದಾಗಿನಿಂದ ಕುಡಿದದ್ದು ಇದೇ ನೀರು. ಹೋದ ವರ್ಷ ಅವಳಿಗೆ ಮುಂದಿನ ಎರಡು ಹಲ್ಲು ಹೊಸದಾಗಿ ಬಂದವು. ಅಂಗಳದ ಬಿಸಿಲಿಗೆ ಕರೆದು ತುಟಿ ಎತ್ತಿ ನೋಡಿದೆ. ಬಿಳಿಜೋಳದ ಕಾಳಿನಂತಿದ್ದವು, ಒಂದೂ ಗೆರೆ ಇರಲಿಲ್ಲ.

ನಮ್ಮ ಓಣಿಯಲ್ಲಿ ಈಗ ಹನ್ನೊಂದು ತೊಟ್ಟಿಗಳಾಗಿವೆ. ಹನ್ನೆರಡನೆಯದು, ಎರೆಯಲ್ಲಿ ನಿಲ್ಲುವುದಿಲ್ಲ ಎಂದು ಗಟ್ಟಿಯಾಗಿ ವಾದಿಸಿದ್ದ ಗೌಂಡಿಯ ಮನೆಯದು. ಗುಂಡಿ ತೋಡಿದ್ದಾಗಿದೆ, ಗರಸು ನಾಳೆ ಬರುತ್ತದೆ. ಹುಬ್ಬಿ ಮಳೆಗೆ ಮೊದಲೇ ಮುಗಿಸಬೇಕು.