ಕಾಗದ, ಕತ್ತಿ, ಕೌದಿ: ಅಮೆರಿಕದ ಹಳೇ ಮನೆಯ ಮಾಲನ್ನು ಹರಾಜಿಗೆ ಅಣಿಗೊಳಿಸುವ ಬಗೆ

ಪೆನ್ಸಿಲ್ವೇನಿಯಾ, ಒಹಾಯೊ ಕಡೆ ಹಳೇ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿಯುವ ಸಾಮಾನು ಹೆಚ್ಚುಕಡಿಮೆ ಒಂದೇ ಥರದ್ದು. ದಾರ ಕಟ್ಟಿದ ಕಾಗದಗಳ ಕಟ್ಟು, ಸಿಗಾರ್ ಪೆಟ್ಟಿಗೆಯಲ್ಲಿ ಗುಂಡಿಗಳು ಮತ್ತು ಪದಕ, ತಗಡಿನ ಮೇಲಿನ ಎರಡು ಮೂರು ಫೋಟೋ, ಒಂದು ಕತ್ತಿ, ಒಂದು ಕೌದಿ, ಗೋಡೆಯಿಂದ ಇಳಿಸಿದ ಬಣ್ಣದ ಜನನಪತ್ರ. ಇವನ್ನು ಪಟ್ಟಿ ಮಾಡಿ, ಬೆಲೆ ಅಂದಾಜಿಸಿ, ಒಟ್ಟಿಗೆ ಮಾರುವ ಗುಂಪು, ಅಂದರೆ ಲಾಟ್ ಕಟ್ಟುವುದು ನನ್ನ ಕೆಲಸ. ಬಿಡಿಬಿಡಿಯಾಗಿ ನೋಡಿದರೆ ಹೆಚ್ಚಿನವು ಸಾಧಾರಣ ಮಾಲೇ. ಕಾಗದ ಬರೆದವನು, ಫೋಟೋದಲ್ಲಿರುವವನು, ಕತ್ತಿ ಹಿಡಿದವನು ಒಬ್ಬನೇ ಎಂದು ತೋರಿಸಲು ಸಾಧ್ಯವಾದರೆ ಮಾತ್ರ ಬೆಲೆ ಏರುತ್ತದೆ. ಹಾಗಾಗಿ ಮುಕ್ಕಾಲು ಪಾಲು ಶ್ರಮ ಹೋಗುವುದು ಆ ನಂಟು ಕಳೆದುಹೋಗದಂತೆ ನೋಡಿಕೊಳ್ಳುವುದಕ್ಕೆ.

ಪೆಟ್ಟಿಗೆ ಬಂದ ತಕ್ಷಣ ಏನನ್ನೂ ಬಿಚ್ಚಬಾರದು. ಮುಚ್ಚಳ ತೆಗೆದು ಮೇಲಿನಿಂದ ಫೋಟೋ ತೆಗೆಯುತ್ತೇನೆ, ಒಂದೊಂದು ಪದರ ಎತ್ತಿದಾಗಲೂ ಮತ್ತೊಂದು. ಕಾಗದಗಳನ್ನು ಯಾರು ಯಾವ ಕ್ರಮದಲ್ಲಿ ಕಟ್ಟಿದ್ದರು, ಪದಕ ಯಾವ ಲಕೋಟೆಯ ಕೆಳಗಿತ್ತು ಎನ್ನುವುದೇ ಮುಂದೆ ಸಾಕ್ಷಿ. ಆಮೇಲೆ ಪೆಟ್ಟಿಗೆ, ಕಟ್ಟು, ಕಾಗದ ಎಂದು ಮೂರು ಭಾಗದ ಗುರುತು: 3-2-17 ಅಂದರೆ ಮೂರನೇ ಪೆಟ್ಟಿಗೆಯ ಎರಡನೇ ಕಟ್ಟಿನ ಹದಿನೇಳನೇ ಕಾಗದ. ಇದನ್ನು ಮೆತ್ತನೆಯ ಪೆನ್ಸಿಲ್‌ನಲ್ಲಿ ಚೀಟಿಯ ಮೇಲೆ ಬರೆಯುತ್ತೇನೆ, ಕಾಗದದ ಮೇಲೆ ಎಂದೂ ಇಲ್ಲ. ಲಕೋಟೆ ಮತ್ತು ಒಳಗಿನ ಕಾಗದ ಬೇರೆಯಾಗಬಾರದು. ಅಂಚೆಚೀಟಿ ಸಂಗ್ರಹಿಸುವ ಯಾರೋ ನೆಂಟರು ಚೀಟಿಯನ್ನು ಕತ್ತರಿಸಿಕೊಂಡಿದ್ದರೆ ಅಲ್ಲಿಗೆ ಅರ್ಧ ಕಥೆ ಮುಗಿಯಿತು.

ಕಾಗದ ಮುಟ್ಟುವುದು ತೊಳೆದು ಒಣಗಿಸಿದ ಬರಿಗೈಯಲ್ಲಿ. ಬಟ್ಟೆಯ ಕೈಗವಸು ಹಾಕಿದರೆ ಬೆರಳಿಗೆ ಸ್ಪರ್ಶ ಗೊತ್ತಾಗದೆ ಅಂಚು ಹರಿಯುತ್ತದೆ. ಲೋಹಕ್ಕೂ ಫೋಟೋಗೂ ಮಾತ್ರ ನೈಟ್ರೈಲ್ ಗವಸು. 1850ರವರೆಗಿನ ಕಾಗದ ಚಿಂದಿಬಟ್ಟೆಯ ನಾರಿನದು, ಇವತ್ತಿಗೂ ಗಟ್ಟಿ. ಮರದ ತಿರುಳಿನ ಕಾಗದ ಬಂದ ಮೇಲಿನವು ಹಪ್ಪಳದಂತೆ ಮುರಿಯುತ್ತವೆ. ಮಡಿಕೆ ಗಟ್ಟಿಯಾಗಿದ್ದರೆ ತೇವ ಕೊಟ್ಟು ಬಿಡಿಸಬಹುದು ಎಂದು ಹೇಳುವವರಿದ್ದಾರೆ, ಆದರೆ ಮೊದಲು ಶಾಯಿ ನೋಡಬೇಕು. ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಾಡಿದ ಶಾಯಿ ಆಮ್ಲೀಯ. ಅಕ್ಷರದ ಸುತ್ತ ಕಂದು ಅಂಚು ಮೂಡಿದ್ದರೆ ತೇವ ತಾಗಿದೊಡನೆ ಆಮ್ಲ ಹರಡಿ, ಅಕ್ಷರ ಇದ್ದ ಜಾಗದಲ್ಲಿ ತೂತು ಬೀಳುತ್ತದೆ. ಅಂಥದ್ದನ್ನು ಮಡಿಚಿದ ಹಾಗೇ ಬಿಟ್ಟು ಸಂರಕ್ಷಕರ ಕೈಗೆ ಕೊಡುತ್ತೇನೆ. ಉಳಿದವು ಎರಡು ಹೀರುಕಾಗದಗಳ ನಡುವೆ, ಮೇಲೊಂದು ಗಾಜಿನ ಭಾರ ಹೊತ್ತು ಮಲಗುತ್ತವೆ. ಆಮೇಲೆ ಪಾಲಿಯೆಸ್ಟರ್ ಹಾಳೆಯ ಪಾಕೀಟು, ಪಿವಿಸಿ ಕೂಡದು. ಹರಿದ ಕಡೆ ಸೆಲೊ ಟೇಪ್ ಕಂಡರೆ ಕೀಳುವುದಿಲ್ಲ, ವಿವರದಲ್ಲಿ ಬರೆಯುತ್ತೇನೆ.

ತಾರೀಖು ಕಂಡುಹಿಡಿಯುವುದು ಈ ಕೆಲಸದ ರುಚಿಯಾದ ಭಾಗ. ಸೈನಿಕರು ಆಗಾಗ ವರ್ಷ ಬರೆಯುವುದಿಲ್ಲ, 1860ರ ದಶಕದ ಎಷ್ಟೋ ಅಂಚೆ ಮುದ್ರೆಗಳಲ್ಲೂ ವರ್ಷ ಇರುವುದಿಲ್ಲ. ‘ಫಾಲ್ಮೌತ್ ಬಳಿಯ ಶಿಬಿರ, ಡಿಸೆಂಬರ್ 14, ಭಾನುವಾರ’ ಎಂದಷ್ಟೇ ಇದೆ ಅನ್ನಿ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ (1861–65) ಡಿಸೆಂಬರ್ 14 ಭಾನುವಾರ ಬಂದದ್ದು 1862ರಲ್ಲಿ ಮಾತ್ರ. ವರ್ಜೀನಿಯಾದ ಫಾಲ್ಮೌತ್‌ನಲ್ಲಿ ಉತ್ತರದವರ ಪೊಟೊಮ್ಯಾಕ್ ಸೇನೆ ಬೀಡುಬಿಟ್ಟಿದ್ದು ಆ ಚಳಿಗಾಲದಲ್ಲೇ. ಅಂದರೆ ಇದು ಫ್ರೆಡರಿಕ್ಸ್‌ಬರ್ಗ್ ಕದನದ ಮುಖ್ಯ ದಾಳಿಯ ಮಾರನೇ ದಿನದ ಕಾಗದ. ಊಟ, ಹವೆ, ಮನೆ ಕಡೆ ಹಸುವಿನ ವಿಚಾರ ಬರೆದಿರುವ ಯುದ್ಧಕಾಲದ ಕಾಗದಕ್ಕೆ ನಾನು 75ರಿಂದ 150 ಡಾಲರ್ ಅಂದಾಜು ಹಾಕುತ್ತೇನೆ. ಇದರಲ್ಲಿ ಕದನದ ವಿವರ ಇದ್ದರೆ ಲೆಕ್ಕ ನೂರರಿಂದ ಸಾವಿರಕ್ಕೆ ಜಿಗಿಯುತ್ತದೆ. ಕಪ್ಪು ಸೈನಿಕರ ರೆಜಿಮೆಂಟ್, ದಕ್ಷಿಣದವರು ಯುದ್ಧಕೈದಿಗಳನ್ನು ಇಟ್ಟಿದ್ದ ಆಂಡರ್ಸನ್‌ವಿಲ್ ಸೆರೆಮನೆ, ಲಿಂಕನ್ ಹತ್ಯೆಯ ಸುದ್ದಿ ಬಂದ ದಿನ, ಇಂಥವೂ ಹಾಗೆಯೇ.

ಅಂಚೆಯ ಗುರುತುಗಳೂ ಕಾಲ ಹೇಳುತ್ತವೆ. ಅಮೆರಿಕ ದೇಶಕ್ಕೆಲ್ಲ ಸಲ್ಲುವ ಮೊದಲ ಅಂಚೆಚೀಟಿಗಳು ಬಂದದ್ದು 1847ರ ಜುಲೈ 1ರಂದು. ಅದಕ್ಕೂ ಹಿಂದಿನವು ಲಕೋಟೆಯಿಲ್ಲದೆ ಮಡಿಚಿ ಅರಗು ಒತ್ತಿದ ಹಾಳೆಗಳು, ಮೂಲೆಯಲ್ಲಿ ಕೈಬರಹದ ದರ. 18¾ ಎಂದಿದ್ದರೆ ಅದು 1845ಕ್ಕೆ ಮುಂಚಿನ ದರಪಟ್ಟಿಯದು, ಆಗ ದೂರಕ್ಕೆ ತಕ್ಕಂತೆ 6, 10, 12½, 18¾, 25 ಸೆಂಟ್ ಇತ್ತು. ಅಂತರ್ಯುದ್ಧದ ಲಕೋಟೆಗೆ ಚೀಟಿಯೇ ಇಲ್ಲ, ‘ಸೋಲ್ಜರ್ಸ್ ಲೆಟರ್’ ಎಂದು ಬರೆದು ಅಧಿಕಾರಿಯೊಬ್ಬ ಸಹಿ ಹಾಕಿದ್ದಾನೆ, ಪಕ್ಕದಲ್ಲಿ 3 ಎಂಬ ಅಂಕಿ ಇದೆ ಎಂದರೆ ಗಾಬರಿ ಬೇಡ. 1861ರ ಕಾನೂನಿನ ಪ್ರಕಾರ ಸೈನಿಕ ಮುಂಗಡ ಕೊಡದೆ ಕಳಿಸಬಹುದಿತ್ತು, ಪಡೆಯುವವರು ಮೂರು ಸೆಂಟ್ ತೆರುತ್ತಿದ್ದರು. ಆ ಸಹಿ ರೆಜಿಮೆಂಟ್ ಪತ್ತೆಮಾಡುವುದಕ್ಕೂ ಒದಗುತ್ತದೆ.

ಫೋಟೋಗಳಲ್ಲಿ ತಗಡಿನದಕ್ಕೆ ಅಯಸ್ಕಾಂತ ಅಂಟುತ್ತದೆ, ಗಾಜಿನದಕ್ಕೆ ಇಲ್ಲ. ಡಗೆರೊಟೈಪ್, ಅಂದರೆ ಬೆಳ್ಳಿ ಲೇಪದ ತಾಮ್ರದ ಹಾಳೆಯ ಮೇಲಿನ ಫೋಟೋ, ಕನ್ನಡಿಯಂತೆ ಮುಖ ತೋರಿಸುತ್ತದೆ, ಅದರ ಮೈಯನ್ನು ಒಮ್ಮೆ ಒರೆಸಿದರೆ ಚಿತ್ರವೇ ಹೋಯಿತು. ತಗಡಿನ ಫೋಟೋದಲ್ಲಿ ಎಡಬಲ ತಿರುಗಿರುತ್ತದೆ: ಬಕಲ್ ಮೇಲಿನ ಅಕ್ಷರ ಉಲ್ಟಾ, ಕತ್ತಿ ಬಲಗಡೆ. ಅಕ್ಷರ ನೇರವಾಗಿ ಕಂಡರೆ ಮೊದಲು ಅದನ್ನೇ ಅನುಮಾನಿಸಿ. ಹಲಗೆಕಾಗದಕ್ಕೆ ಅಂಟಿಸಿದ ಸಣ್ಣ ಫೋಟೋದ ಹಿಂದೆ ತೆರಿಗೆ ಕಟ್ಟಿದ್ದಕ್ಕೆ ಅಂಟಿಸುವ ಕಂದಾಯದ ಚೀಟಿ ಇದ್ದರೆ ಅದು 1864ರ ಸೆಪ್ಟೆಂಬರ್‌ನಿಂದ 1866ರ ಆಗಸ್ಟ್ 1ರೊಳಗೆ ಮಾರಿದ್ದು. ಇಷ್ಟು ಬಿಗಿಯಾದ ತಾರೀಖು ಬೇರೆಲ್ಲೂ ಪುಕ್ಕಟೆ ಸಿಗುವುದಿಲ್ಲ.

ಸೈನ್ಯದ ಸಾಮಾನಿನಲ್ಲಿ ಮೊದಲು ಜೀವ, ಆಮೇಲೆ ಬೆಲೆ. ಹಳೇ ಮಸ್ಕೆಟ್‌ಗಳಲ್ಲಿ ಮದ್ದುಗುಂಡು ತುಂಬಿದ ಹಾಗೇ ಉಳಿದಿರುವುದು ಅಪರೂಪವಲ್ಲ. ಮದ್ದು ತುರುಕುವ ಸಲಾಕೆಯನ್ನು (ಗಜವನ್ನು) ನಳಿಗೆಯ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಟೇಪ್ ಸುತ್ತಿ, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ಟೇಪ್ ಬಾಯಿಯ ನೇರಕ್ಕಿದ್ದಾಗ ತುದಿ, ಮದ್ದಿಗೆ ಕಿಡಿ ಹೊತ್ತಿಸುವ ಕ್ಯಾಪ್ ಕೂರುವ ಜಾಗವನ್ನು ತಲುಪಬೇಕು. ಒಂದೆರಡು ಇಂಚು ಕಮ್ಮಿ ಬಿತ್ತೆಂದರೆ ಒಳಗೆ ಏನೋ ಇದೆ. ಈ ಅಳತೆ ಮಾಡುವಾಗ ಮುಖ ನಳಿಗೆಯ ಎದುರು ಇರಬಾರದು. ಫಿರಂಗಿ ಗುಂಡು, ಗ್ರೆನೇಡ್ ಕಂಡರೆ ಅಲುಗಾಡಿಸದೆ ಪೊಲೀಸರ ಬಾಂಬ್ ದಳಕ್ಕೆ ಫೋನ್ ಮಾಡಬೇಕು. 160 ವರ್ಷದ ಕಪ್ಪು ಮದ್ದೂ ಸಿಡಿಯುತ್ತದೆ.

ಕತ್ತಿಗೆ ಪಾಲಿಶ್ ಬೇಡ. ಮನೆಯವರು ಹೊಳೆಯಲಿ ಎಂದು ಉಜ್ಜಿ ತರುವ ಕತ್ತಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹಿಡಿಯ ಹತ್ತಿರ ಅಲಗಿನ ಮೇಲೆ ತಯಾರಕರ ಹೆಸರು, ವರ್ಷ, ತಪಾಸಣೆ ಮಾಡಿದವನ ಇನಿಷಿಯಲ್ ಇರುತ್ತವೆ, ಮ್ಯಾಸಚೂಸೆಟ್ಸ್‌ನ ಚಿಕೊಪಿಯ ಏಮ್ಸ್ ಕಂಪನಿಯದು ಹೆಚ್ಚು ಸಿಗುವ ಗುರುತು. ಒರೆಯ ಮೇಲೆ ‘ಇಂಥ ಕ್ಯಾಪ್ಟನ್‌ಗೆ ಅವರ ತುಕಡಿಯ ಸೈನಿಕರ ಕಾಣಿಕೆ’ ಎಂದು ಕೊರೆದಿದ್ದರೆ ಬೆಲೆ ಎಷ್ಟೋ ಪಟ್ಟು, ಹಾಗಾಗಿ ಮೋಸವೂ ಅಲ್ಲೇ. ಹತ್ತು ಪಟ್ಟಿನ ಮಸೂರದಲ್ಲಿ ಅಕ್ಷರದ ತಗ್ಗನ್ನು ನೋಡಿ. ಮೇಲ್ಮೈಯ ಕಂದುಗಪ್ಪು ತಗ್ಗಿನೊಳಗೂ ಇಳಿದಿರಬೇಕು, ಹಳೇ ಗೀರುಗಳು ಅಕ್ಷರವನ್ನು ಹಾದು ಹೋಗಿರಬೇಕು. ಗೀರಿನ ಮೇಲೆ ಅಕ್ಷರ ಕೂತಿದ್ದರೆ, ತಗ್ಗಿನ ತಳ ಹೊಳೆಯುತ್ತಿದ್ದರೆ, ಅದು ಮೊನ್ನೆ ಮೊನ್ನೆ ಕೊರೆದದ್ದು.

ಸಮವಸ್ತ್ರವನ್ನು ಕತ್ತಲಲ್ಲಿ ನೇರಳಾತೀತ ದೀಪಕ್ಕೆ ಹಿಡಿದಾಗ ಹೊಲಿಗೆ ದಾರ ನೀಲಿಬಿಳಿಯಾಗಿ ಹೊಳೆದರೆ ಅದು ಎರಡನೇ ಮಹಾಯುದ್ಧದ ನಂತರದ ದಾರ. ಆದರೆ ಮನೆಯಲ್ಲಿ ಈಗಿನ ಸೋಪುಪುಡಿಯಲ್ಲಿ ಒಗೆದಿದ್ದರೂ ಹೀಗೇ ಹೊಳೆಯುತ್ತದೆ, ಅದಕ್ಕೇ ಅಸ್ತರಿನ ಒಳಹೊಲಿಗೆಯನ್ನು ಬೇರೆಯಾಗಿ ನೋಡಬೇಕು. ಇನ್ನು ‘ಅಜ್ಜನ ಯುದ್ಧದ ಟೋಪಿ’ ಎಂದು ಬರುವುದರಲ್ಲಿ ಬಹಳಷ್ಟು 1866ರಲ್ಲಿ ಹುಟ್ಟಿದ ಮಾಜಿ ಸೈನಿಕರ ಸಂಘ ‘ಗ್ರ್ಯಾಂಡ್ ಆರ್ಮಿ ಆಫ್ ದ ರಿಪಬ್ಲಿಕ್’ನವು. ಅದನ್ನು ಅದರ ಹೆಸರಿನಲ್ಲೇ ಮಾರಬೇಕು.

ಪದಕಗಳಲ್ಲಿ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಯಾವ ಕಾಲದ್ದಾದರೂ ಮಾರುವುದು ಅಮೆರಿಕದ ಕಾನೂನಿನಲ್ಲಿ ಅಪರಾಧ. ಯುದ್ಧದಲ್ಲಿ ಗಾಯಗೊಂಡವರಿಗೆ, ಮಡಿದವರಿಗೆ ಕೊಡುವ ಪರ್ಪಲ್ ಹಾರ್ಟ್ ಮಾರಬಹುದು. ಹಿಂಬದಿ ಹೆಸರು ಕೊರೆದಿದ್ದರೂ ದಾಖಲೆ ಬೇಕೇ ಬೇಕು, ಖಾಲಿ ಪದಕಕ್ಕೆ ಹೆಸರು ಕೊರೆಯುವುದು ಕಷ್ಟವಲ್ಲ. ಇಲ್ಲಿ ತೊಡಕೆಂದರೆ 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿ. 1912ರಿಂದ 1960ರೊಳಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಸುಮಾರು 80 ಶೇಕಡಾ ಸುಟ್ಟುಹೋದವು. ಆಗ ಮನೆಯಲ್ಲಿರುವ ಬಿಡುಗಡೆ ಪತ್ರ, ಕೌಂಟಿ (ಜಿಲ್ಲಾ) ಕಚೇರಿಯಲ್ಲಿ ನೋಂದಾಯಿಸಿದ ಅದರ ಪ್ರತಿ, ತಾಯಿಗೆ ಬಂದ ತಂತಿ, ಇವೇ ಗತಿ. ಪೆಟ್ಟಿಗೆಯಿಂದ ಪದಕ ಮಾತ್ರ ಎತ್ತಿ ಮಾರುವವರು ಈ ಕಾಗದಗಳನ್ನೇ ಕಸಕ್ಕೆ ಹಾಕಿಬಿಡುತ್ತಾರೆ.

ಎರಡನೇ ಮಹಾಯುದ್ಧದ ಕಟ್ಟುಗಳಲ್ಲಿ ಒಮ್ಮೊಮ್ಮೆ ಬೆಂಗಳೂರು ಸಿಗುತ್ತದೆ. ಆಗ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ವಿಮಾನಗಳ ರಿಪೇರಿ ಡಿಪೋ ಆಗಿತ್ತು. ಸೆನ್ಸಾರ್‌ನವರು ಊರಿನ ಹೆಸರು ಕತ್ತರಿಸಿದ್ದರೂ ಲಕೋಟೆಯ ಸೇನಾ ಅಂಚೆ ಸಂಖ್ಯೆಯಿಂದ ಜಾಗ ಗೊತ್ತಾಗುತ್ತದೆ. ಈ ಕಾಲದ ಕಾಗದಗಳಿಗೆ ಇನ್ನೊಂದು ಎಚ್ಚರಿಕೆ ಇದೆ: ಹಾಳೆ ಮಾರಿದರೂ ಬರಹದ ಹಕ್ಕು ಬರೆದವನು ತೀರಿಕೊಂಡ 70 ವರ್ಷದವರೆಗೆ ಅವನ ವಾರಸುದಾರರದು, ಕ್ಯಾಟಲಾಗ್‌ನಲ್ಲಿ ನಾಲ್ಕು ಸಾಲಿಗಿಂತ ಹೆಚ್ಚು ನಾನು ಉದ್ಧರಿಸುವುದಿಲ್ಲ.

ಜನಪದ ಕಲೆಯಲ್ಲಿ ನನಗೆ ಹೆಚ್ಚು ಸಮಯ ಹಿಡಿಯುವುದು ಪೆನ್ಸಿಲ್ವೇನಿಯಾದ ಜರ್ಮನ್ ಮನೆತನಗಳ ಫ್ರಾಕ್ಟೂರ್: ಹಕ್ಕಿ, ಟ್ಯುಲಿಪ್ ಹೂವು ಬರೆದ ಜನನ ಮತ್ತು ದೀಕ್ಷಾಸ್ನಾನದ ಪತ್ರ. ಪೂರ್ತಿ ಕೈಯಲ್ಲಿ ಬರೆದದ್ದು ಬೇರೆ, ರೆಡಿಂಗ್ ಊರಿನಲ್ಲಿ ಅಚ್ಚಾಗಿ ಹೆಸರು ಮಾತ್ರ ತುಂಬಿದ್ದು ಬೇರೆ, ಬೆಲೆಯ ಅಂತರ ಬಹಳ. ಹುಟ್ಟಿದ ದಿನವನ್ನೇ ಪತ್ರದ ವಯಸ್ಸು ಎಂದು ಬರೆಯುವುದು ಎಲ್ಲೆಲ್ಲೂ ಕಾಣುವ ತಪ್ಪು. ಊರೂರು ತಿರುಗುವ ಬರಹಗಾರ ಬಂದಾಗ ಮನೆಯ ಮಕ್ಕಳಿಗೆಲ್ಲ ಒಟ್ಟಿಗೆ, ಎಷ್ಟೋ ವರ್ಷ ತಡವಾಗಿ ಬರೆಸುತ್ತಿದ್ದರು. ಹಸಿರು ಬಣ್ಣದಲ್ಲಿ ತಾಮ್ರ ಇದ್ದರೆ ಕಾಗದ ಅಲ್ಲೇ ಬಿರಿದಿರುತ್ತದೆ, ಬೆಳಕಿಗೆ ಹಿಡಿದು ನೋಡಬೇಕು. ಮಾಳಿಗೆಯ ಮೇಲೆ ಗಾಳಿಯ ದಿಕ್ಕು ತೋರಿಸುವ ತಾಮ್ರದ ಗಾಳಿಕೋಳಿಗೆ ಕಿಲುಬು ಒಂದೇ ಸಮನಾಗಿ ಹತ್ತಿದ್ದರೆ ಅದು ಆಮ್ಲ ಹಚ್ಚಿದ್ದು. ಮಾಳಿಗೆಯ ಮೇಲೆ ನಿಂತದ್ದಕ್ಕೆ ಗಾಳಿಮಳೆಯ ಕಡೆ ಕಿಲುಬು ಒಂದು ಬಗೆ, ಮರೆಯ ಕಡೆ ಇನ್ನೊಂದು ಬಗೆ, ಮಡಿಕೆಯೊಳಗೆ ಹಳೇ ಚಿನ್ನದ ರೇಕಿನ ಚೂರು, ಸಲಾಕೆ ಕೂರುವ ಕೊಳವೆಯಲ್ಲಿ ಸವೆತ. ಕೌದಿಯ ಬಗ್ಗೆ ಹೇಳುವುದು ಕಡಿಮೆ: ಅಳತೆ, ಬಟ್ಟೆ, ಇಂಚಿಗೆ ಎಷ್ಟು ಹೊಲಿಗೆ, ಕಲೆ ಎಲ್ಲಿ. ಹದ್ದಿನ ಗರಿ ಇರುವ ಯಾವ ವಸ್ತುವನ್ನೂ, ಎಷ್ಟೇ ಹಳೆಯದಿರಲಿ, ತೆಗೆದುಕೊಳ್ಳುವುದಿಲ್ಲ. ಕಾನೂನು ಬಿಡುವುದಿಲ್ಲ.

ಲಾಟ್ ಕಟ್ಟುವಾಗ ಒಬ್ಬನೇ ಸೈನಿಕನ ಕಾಗದ, ಫೋಟೋ, ಬಿಡುಗಡೆ ಪತ್ರ, ಕತ್ತಿ ಒಂದೇ ಲಾಟ್. ಕೌದಿ, ಗಾಳಿಕೋಳಿಗೆ ಬೇರೆ ಗಿರಾಕಿಗಳು, ಅವು ಬೇರೆ. ಕನಿಷ್ಠ ಅಂದಾಜಿನ ಅರ್ಧದಿಂದ ಸವಾಲು ಶುರು, ಇದಕ್ಕಿಂತ ಕಮ್ಮಿಗೆ ಮಾರುವುದಿಲ್ಲ ಎಂಬ ರಿಸರ್ವ್ ಬೆಲೆ ಕನಿಷ್ಠ ಅಂದಾಜನ್ನು ದಾಟಬಾರದು. ಕಾಗದಗಳ ದೊಡ್ಡ ಸಂಗ್ರಹವಿದ್ದರೆ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ಪಟ್ಟಿಯನ್ನು ಆರು ವಾರ ಮುಂಚೆಯೇ ಕಳಿಸುತ್ತೇನೆ, ಅವರಿಗೆ ಹಣ ಮಂಜೂರಾಗಲು ಅಷ್ಟಾದರೂ ಬೇಕು. ಮಾಲಿನವರಿಗೆ ಲೆಕ್ಕವನ್ನು ಕರಾರಿಗೆ ಮುಂಚೆ ಬಿಡಿಸಿ ಹೇಳಬೇಕು: ಸುತ್ತಿಗೆ 2000 ಡಾಲರ್‌ಗೆ ಬಿದ್ದು, ಕೊಳ್ಳುವವರು ಹರಾಜು ಸಂಸ್ಥೆಗೆ ಮೇಲೆ ತೆರುವ ಪ್ರೀಮಿಯಂ 25 ಶೇಕಡಾ ಆದರೆ ಕೊಂಡವರು ತೆರುವುದು 2500. ಮಾರಿದವರ ಕಮಿಷನ್ 20 ಶೇಕಡಾ ಆದರೆ ಅವರ ಕೈಗೆ 1600, ಅದರಲ್ಲಿ ಫೋಟೋ ಮತ್ತು ವಿಮೆಯ ಖರ್ಚು ಕಳೆಯಬೇಕು. ಪತ್ರಿಕೆಯಲ್ಲಿ 2500 ಎಂದು ಓದಿ ಫೋನ್ ಮಾಡುವವರು ಕಮ್ಮಿಯಿಲ್ಲ. ಹೋಗದೆ ಉಳಿದ ಲಾಟ್‌ಗೆ ಕೊನೆಯಲ್ಲಿ ನಿಂತ ಬಿಡ್‌ದಾರರನ್ನು ಎರಡು ದಿನದೊಳಗೆ ಕೇಳುತ್ತೇನೆ. ಒಪ್ಪದಿದ್ದರೆ ಮುಂದಿನ ಹರಾಜಿಗೇ ತಿರುಗಿ ಹಾಕುವುದಿಲ್ಲ, ಒಂದು ವರ್ಷ ಬಿಟ್ಟು ಅಂದಾಜು ಇಳಿಸಿ ಹಾಕುತ್ತೇನೆ. ಅದೇ ಮಾಲನ್ನು ಬೆನ್ನುಬೆನ್ನಿಗೆ ಕಂಡ ಗಿರಾಕಿ ಏನೋ ಐಬಿದೆ ಎಂದೇ ತಿಳಿಯುತ್ತಾನೆ.