ಕಬ್ಬಿನ ಹಂಗಾಮು, ಫ್ಲೂ ಮತ್ತು ನಮ್ಮ ತಯಾರಿ

ಮುಧೋಳ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯ. ಕೊರೊನಾ ಥರ ಇನ್ನೊಂದು ಬಂದರೆ ಸರ್ಕಾರ ತಯಾರಿದೆಯಾ ಅಂತ ಜನ ಕೇಳುತ್ತಾರೆ. ಗುಡಿಸಲಿನಲ್ಲಿ ಬಂದ ಜ್ವರದ ಸುದ್ದಿ ಬಾಗಲಕೋಟೆಯ ಜಿಲ್ಲಾ ಕಚೇರಿಗೆ ಅದೇ ದಿನ ಮುಟ್ಟಿದರೆ ಅರ್ಧ ತಯಾರಿ ಆದ ಹಾಗೆ ಅಂತ ನನಗನಿಸುತ್ತದೆ.

2009ರ ಏಪ್ರಿಲ್‌ನಲ್ಲಿ ಮೆಕ್ಸಿಕೊ, ಅಮೆರಿಕದಲ್ಲಿ ಗುರುತಿಸಿದ, ಹಂದಿಜ್ವರ ಅಂತ ಜನ ಕರೆದ ಫ್ಲೂ ವೈರಸ್ ಎಚ್‌1ಎನ್‌1 ಆಗಸ್ಟ್‌ನಲ್ಲಿ ಪುಣೆಯಲ್ಲಿ ಜೀವ ತೆಗೆದಿತ್ತು. ನಮ್ಮ ಮಂದಿಗೆ ಪುಣೆ ಒಂದು ರಾತ್ರಿಯ ಬಸ್ಸಿನ ದಾರಿ, ಅಷ್ಟೇ. ಅದರ ಮೇಲೆ ಕಾರ್ಖಾನೆ ಶುರುವಾದರೆ ಕಬ್ಬು ಕಡಿಯುವ ಗ್ಯಾಂಗ್‌ಗಳು ಮಹಾರಾಷ್ಟ್ರದಿಂದಲೂ ವಿಜಯಪುರದ ಕಡೆಯಿಂದಲೂ ಬರುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಫ್ಲೂ ಜಾಸ್ತಿ. ಹಂಗಾಮಿನ ಭರಾಟೆಯೂ ಆಗಲೇ.

ಅದಕ್ಕೇ ನಾನು, ನಮ್ಮ ಆಶಾ ಕಾರ್ಯಕರ್ತೆಯರು ಹಂಗಾಮಿಗೆ ಮೊದಲೇ ಗ್ಯಾಂಗಿನ ಮುಖ್ಯಸ್ಥರಾದ ಮುಕಾದಮರನ್ನು ಕಂಡು ನಂಬರ್ ಕೊಟ್ಟೆವು. ಒಂದೇ ಸಾಲಿನ ಗುಡಿಸಲುಗಳಲ್ಲಿ ಮೂರ್ನಾಲ್ಕು ಜನಕ್ಕೆ ಜ್ವರ, ಕೆಮ್ಮು ಒಟ್ಟಿಗೆ ಬಂದರೆ ತಕ್ಷಣ ತಿಳಿಸಿ ಅಂದೆವು.

ಒಂದು ಸಂಜೆ ಫೋನ್ ಬಂತು. "ಸಾಹೇಬ್ರ, ನಮ್ಮ ಗುಡಿಸಲದಾಗ ನಾಕೈದು ಮಂದಿಗಿ ಜ್ವರ ಬಂದೈತ್ರಿ."

ಫ್ಲೂ ರೋಗಿಗಳನ್ನು ತೀವ್ರತೆ, ಅಪಾಯ ನೋಡಿ ಎ, ಬಿ, ಸಿ ಅಂತ ವಿಂಗಡಿಸುತ್ತೇವೆ. ಹೋಗಿ ನೋಡಿದರೆ ಹೆಚ್ಚಿನವರದು 'ಎ' ವರ್ಗ: ಸಣ್ಣ ಜ್ವರ, ಕೆಮ್ಮು, ಗಂಟಲು ನೋವು. ಇವರಿಗೆ ಫ್ಲೂ ವೈರಸ್‌ಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಬೇಡ, ಮನೆಯಲ್ಲೇ ವಿಶ್ರಾಂತಿ ಸಾಕು. ಆದರೆ ಅಲ್ಲಿ ಜ್ವರ ಬಂದ ಒಬ್ಬ ಗರ್ಭಿಣಿ ಇದ್ದಳು, ಅಪಾಯ ಹೆಚ್ಚಿರುವ 'ಬಿ' ವರ್ಗ. ಅವಳಿಗೆ ವರದಿಗೆ ಕಾಯದೆ ಅಲ್ಲೇ ಮಾತ್ರೆ ಶುರು ಮಾಡಿದೆ, 75 ಮಿಲಿಗ್ರಾಂ, ದಿನಕ್ಕೆ ಎರಡು, 5 ದಿನ. ಮೊದಲ 48 ಗಂಟೆಯೊಳಗೆ ಕೊಟ್ಟರೆ ಈ ಔಷಧದ ಫಲ ಜಾಸ್ತಿ. ಉಸಿರಾಟದ ತೊಂದರೆ, ಎದೆನೋವು, ಮಂಪರು ಇದ್ದರೆ ಅದು 'ಸಿ'. ಸುಮ್ನೆ ಕೂರಬಾರದು, ದೊಡ್ಡ ಆಸ್ಪತ್ರೆಗೇ ಕಳಿಸಬೇಕು.

ಗುಂಪಾಗಿ ಬಂದದ್ದರಿಂದ ಕೆಲವರ ಮೂಗು, ಗಂಟಲಿನ ಸ್ಯಾಂಪಲ್ ತೆಗೆದೆವು. ಲ್ಯಾಬ್ ಟೆಕ್ನಿಷಿಯನ್ ವಿಟಿಎಂ (ವೈರಸ್ ಕೆಡದಂತೆ ಸಾಗಿಸುವ ದ್ರವ) ಟ್ಯೂಬಿನ ಮುಚ್ಚಳ ಬಿಗಿಮಾಡಿ, ಮೇಲೆ ಸೋರದಂತೆ ಪ್ಯಾರಾಫಿಲ್ಮ್ ಎಂಬ ಪಟ್ಟಿ ಸುತ್ತಿ, ಹತ್ತಿಯಲ್ಲಿ ಹೊದಿಸಿ ಜಿಪ್ ಕವರಿಗೆ ಹಾಕಿದರು. ಅದು ಗಟ್ಟಿ ಡಬ್ಬಿಗೆ, ಡಬ್ಬಿ ಐಸ್‌ಪ್ಯಾಕ್ ಇಟ್ಟ ಪೆಟ್ಟಿಗೆಗೆ. 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಫಾರ್ಮ್ ಮಾತ್ರ ಬೇರೆ ಕವರಿನಲ್ಲಿ, ಪೆಟ್ಟಿಗೆಯ ಹೊರಗೆ. ಟ್ಯೂಬ್ ಸೋರಿದರೂ ಹೆಸರು ಅಳಿಸಬಾರದು ಅಲ್ವಾ! ವರದಿ ಬಂದಾಗ ಅದು ಪ್ರತಿವರ್ಷ ಬರುವ ಮಾಮೂಲಿ ಫ್ಲೂ ವೈರಸ್ ಎಚ್‌3ಎನ್‌2. ಈ ಓಡಾಟ ದಂಡವಾಯಿತು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹೊಸ ವೈರಸ್ ಬಂದ ದಿನವೂ ಇದೇ ಕೈಗಳು, ಇದೇ ಪೆಟ್ಟಿಗೆ, ಇದೇ ದಾರಿ.

ಪಶುವೈದ್ಯರ ಜೊತೆಗೂ ಮಾತಾಡಿಕೊಂಡಿದ್ದೇವೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದ ಕೋಳಿ ಫಾರಂಗಳಲ್ಲೇ ದೇಶದ ಮೊದಲ ಹಕ್ಕಿಜ್ವರ ಕಂಡಿದ್ದು. ಎಲ್ಲಾದರೂ ಕೋಳಿಗಳು ರಾಶಿಯಾಗಿ ಸತ್ತರೆ ಅವರು ನನಗೆ ಹೇಳುತ್ತಾರೆ, ನಾವು ಅಲ್ಲಿಯ ಕೆಲಸಗಾರರ ಜ್ವರ ನೋಡುತ್ತೇವೆ.

ಇನ್ನೂ ಕೂಡಿಬರದ್ದು ಖಾಸಗಿ ದವಾಖಾನೆಗಳ ಲೆಕ್ಕ. ಜ್ವರ ಬಂದವರಲ್ಲಿ ಬಹಳ ಮಂದಿ ಮೊದಲು ಹೋಗುವುದು ಅಲ್ಲಿಗೇ. ರೋಗಗಳ ಮೇಲೆ ಕಣ್ಣಿಡಲು ವೈದ್ಯರು ತುಂಬಿ ಕಳಿಸುವ ನಮ್ಮ ಪಿ ಫಾರ್ಮಿನಲ್ಲಿ ಅವರು ಕಾಣುವುದೇ ಇಲ್ಲ. ಈ ಹಂಗಾಮಿಗೆ ಮೊದಲು ಆ ಡಾಕ್ಟರರನ್ನೂ ಔಷಧಿ ಅಂಗಡಿಯವರನ್ನೂ ಒಟ್ಟಿಗೆ ಕೂರಿಸಿ, ವಾರದ ಜ್ವರದ ಸಂಖ್ಯೆಯನ್ನಾದರೂ ಕೊಡಿ ಅಂತ ಕೇಳಲಿದ್ದೇನೆ.